ಬೇಸಿಗೆಯಲ್ಲೂ ಒಣಗಿದ್ದ ಕೈ

ಜನ್ನಾಪುರ, ಭದ್ರಾವತಿ
18 ನವೆಂಬರ್ 2023

ವಿಮಲಾ,

ನೀನು ದೀಪಾವಳಿಗೆ ಇಲ್ಲಿಗೆ ಬಂದಾಗ ನಿನ್ನ ಹಿಮ್ಮಡಿ ನೋಡಿದೆ. ಬೆರಳು ಹೋಗುವಷ್ಟು ಬಿರುಕು. ಎಲ್ಲರ ಎದುರು ಹೇಳುವುದು ಬೇಡವೆಂದು ಸುಮ್ಮನಾದೆ. ಈ ಚೀಲದಲ್ಲಿ ಒಂದು ಬಾಟಲಿ ಕೊಬ್ಬರಿ ಎಣ್ಣೆ ಇದೆ, ಗಾಣದ್ದು. ಎಲೆಯಲ್ಲಿ ಸುತ್ತಿರುವುದು ಮುರುಗಲ ಹಣ್ಣಿನ ಬೀಜದ ತುಪ್ಪ. ಸೋಪಿನ ಬಿಲ್ಲೆಯ ಹಾಗೆ ಗಟ್ಟಿಯಾಗಿದೆ, ಚೂರು ಕೆರೆದು ಬೆಚ್ಚಗೆ ಮಾಡಿ ಹಿಮ್ಮಡಿಗೆ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗು. ಸ್ನಾನಕ್ಕೆ ನೀರು ಕುದಿಸಿಕೊಳ್ಳಬೇಡ, ಉಗುರುಬೆಚ್ಚಗೆ ಸಾಕು. ಮೈ ಪೂರ್ತಿ ಒರೆಸಿಕೊಂಡ ಮೇಲೆ ಎಣ್ಣೆ ಹಚ್ಚಿದರೆ ಪ್ರಯೋಜನವಿಲ್ಲ, ಹಸಿ ಇರುವಾಗಲೇ ಹಚ್ಚಬೇಕು. ಈ ಸಲ ಚಳಿ ಬೇಗ ಬಿದ್ದಿದೆ. ಬೆಳಿಗ್ಗೆ ತುಟಿ ಅಂಟಿಕೊಂಡಿರುತ್ತದೆ.

ಪಕ್ಕದ ಮನೆಯ ಷಣ್ಮುಖಪ್ಪನವರು ದಿನಾ ನಿಮ್ಮ ನವುಲೆಗೇ ಕೆಲಸಕ್ಕೆ ಬರುತ್ತಾರಲ್ಲ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವರಿಗೇ ಕೊಡು. ಫೋನು ಮಾಡಬೇಡ. ಕಿವಿಗೆ ಹಾಕುವ ಮಿಷನ್ನು ಕುಯ್ ಎನ್ನುತ್ತದೆಯೇ ಹೊರತು ನಿನ್ನ ಮಾತು ಒಂದೂ ಕೇಳುವುದಿಲ್ಲ. ವೀರೇಂದ್ರ ತಂದುಕೊಟ್ಟ ದೊಡ್ಡ ಫೋನಿನಲ್ಲಿ ಅಕ್ಷರ ಒತ್ತುವುದು ನನಗೆ ಬಗೆಹರಿಯಲಿಲ್ಲ. ಕಾಗದವಾದರೆ ಎಷ್ಟು ಸಲ ಬೇಕಾದರೂ ಓದಬಹುದು.

ವೀರೇಂದ್ರನ ಖಾನಾವಳಿ ಚೆನ್ನಾಗಿ ನಡೆಯುತ್ತಿದೆ. ಮಧ್ಯಾಹ್ನದ ರೊಟ್ಟಿ ಈಗಲೂ ನಾನೇ ತಟ್ಟುತ್ತೇನೆ, ಸೊಸೆಗೆ ಬಿಟ್ಟುಕೊಟ್ಟಿಲ್ಲ.

ತನುಜಾಗೆ ಹೇಳು, ಅವಳೂ ತುಟಿಗೆ ಎಣ್ಣೆ ಹಚ್ಚಿಕೊಳ್ಳಲಿ.

ಅಕ್ಕ ಮಹಾಂತಮ್ಮ


ನವುಲೆ, ಶಿವಮೊಗ್ಗ
26 ನವೆಂಬರ್ 2023

ಅಕ್ಕ,

ಚೀಲ ಸಿಕ್ಕಿತು. ಹಿಮ್ಮಡಿಗೆ ಎರಡು ದಿನ ಹಚ್ಚಿದ್ದಕ್ಕೇ ಮೆತ್ತಗಾಗಿದೆ. ತನುಜಾ ಮಾತ್ರ ಮುರುಗಲ ತುಪ್ಪದ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾಳೆ. "ಅಮ್ಮ, ಮಾಯಿಶ್ಚರೈಸರ್ ತಂದ್ಕೊಡ್ತೀನಿ ಬಿಡು" ಅಂದಳು. ಬಟ್ಟೆ ಅಂಗಡಿಯಲ್ಲಿ ದಿನವೆಲ್ಲ ಏಸಿಯಲ್ಲಿ ನಿಲ್ಲುವವಳು, ಅವಳ ಕೈಯೂ ಒಣಗಿದೆ.

ನನ್ನ ಕೈಯ ವಿಷಯ ಹೇಳುವ ಹಾಗಿಲ್ಲ. ಬೆಳಿಗ್ಗೆ ಐದಕ್ಕೆ ಹಾಸ್ಟೆಲಿಗೆ ಹೋಗಿ ಹಿಟ್ಟು ಕಲಸಲು ಕೂತರೆ ಅರವತ್ತು ಹುಡುಗಿಯರ ಚಪಾತಿ ಮುಗಿಯುವಾಗ ಎಂಟೂವರೆ. ಹಿಟ್ಟು ಕೈಯ ಜಿಡ್ಡನ್ನೆಲ್ಲ ಎಳೆದುಕೊಳ್ಳುತ್ತದೆ. ಬಲಗೈಯಲ್ಲಿ ಮೊಣಕೈಯ ಕೆಳಗೆ ಒಂದು ಕಡೆ ಬಿಳಿಚಿಕೊಂಡು ಒಣಗಿ ಹೋಗಿದೆ. ಹೋಳಿಗೆಯಷ್ಟು ಅಗಲ. ಕೆರೆತವಿಲ್ಲ, ಉರಿಯಿಲ್ಲ. ಅಲ್ಲಿ ಎಣ್ಣೆ ಹಚ್ಚಿದರೆ ಬೇರೆ ಯಾರದೋ ಕೈಗೆ ಹಚ್ಚಿದ ಹಾಗೆ ಅನ್ನಿಸುತ್ತದೆ.

ಒಂದು ತಮಾಷೆ ಕೇಳು. ಹೋದ ವಾರ ನನ್ನ ಕಿರುಬೆರಳು ಕಾವಲಿಯ ಅಂಚಿಗೆ ತಾಗಿತ್ತಂತೆ. ಜೊತೆಗೆ ಕೆಲಸ ಮಾಡುವ ಈಶ್ವರಮ್ಮ, "ಏ ಮಾರಾಯ್ತಿ, ಕೈ ಸುಡ್ತಾ ಇದೆ, ವಾಸನೆ ಬರ್ತಿದೆ ನೋಡು!" ಅಂತ ಕೂಗಿದಾಗಲೇ ನಾನು ನೋಡಿದ್ದು. ಬೊಬ್ಬೆ ಎದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಈಗ ಅಡುಗೆಮನೆಯಲ್ಲಿ ಎಲ್ಲರೂ ನನ್ನನ್ನು ಕಬ್ಬಿಣದ ಕೈ ಅನ್ನುತ್ತಾರೆ. ಮೂವತ್ತು ವರ್ಷ ಬೆಂಕಿಯ ಮುಂದೆ ಕೂತರೆ ಚರ್ಮ ದಪ್ಪವಾಗದೆ ಇನ್ನೇನಾಗುತ್ತದೆ?

ವಿಮಲಾ


ಜನ್ನಾಪುರ
27 ನವೆಂಬರ್ 2023

ವಿಮಲಾ,

ನಿನ್ನ ಕಾಗದ ಇವತ್ತು ಸಂಜೆ ಬಂತು, ಇವತ್ತೇ ಬರೆಯುತ್ತಿದ್ದೇನೆ.

ಕೆಲವು ವಿಷಯ ಕೇಳುತ್ತೇನೆ, ನೋಡಿ ಬರೆ. ಆ ಬಿಳಿಚಿದ ಜಾಗ ಬೆವರುತ್ತದೆಯೇ? ಅಲ್ಲಿ ಕೂದಲು ಇದೆಯೇ, ಉದುರಿದೆಯೇ? ಸುಟ್ಟ ಬೆರಳು ಆಮೇಲಾದರೂ ನೋಯಿತೇ? ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನಲ್ಲಿ ಜೋಮು ಹಿಡಿದ ಹಾಗಿದೆಯೇ? ಮೈಯಲ್ಲಿ ಬೇರೆಲ್ಲಾದರೂ ಅಂಥ ಕಲೆ ಇದೆಯೇ? ಬೆನ್ನು ನಿನಗೆ ಕಾಣುವುದಿಲ್ಲ, ಕನ್ನಡಿ ಹಿಡಿದು ನೋಡು. ತನುಜಾಗೆ ತೋರಿಸಬೇಡ, ಸುಮ್ಮನೆ ಗಾಬರಿ ಬೀಳುತ್ತಾಳೆ.

ಗಾಬರಿಯಾಗುವಂಥದ್ದು ಏನೂ ಇಲ್ಲ. ಚಳಿಗೆ ಚರ್ಮ ಸತ್ತ ಹಾಗೆ ಆಗುವುದುಂಟು. ದಿನಾ ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಕೈ ಅದ್ದಿಡು, ಆಮೇಲೆ ನೀರು ಆರುವ ಮೊದಲೇ ಎಣ್ಣೆ ಸವರು. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿಯಬೇಡ. ಹಾಸ್ಟೆಲಿನಲ್ಲಿ ತುಂಬು ತೋಳಿನ ರವಿಕೆ ಹಾಕಿಕೋ. ಕಂಡವರೆಲ್ಲ ಅದೇನು ಇದೇನು ಅಂತ ಕೇಳುವುದು ಬೇಡ.

ಅಕ್ಕ


ನವುಲೆ
21 ಡಿಸೆಂಬರ್ 2023

ಅಕ್ಕ,

ನೀನು ಇಷ್ಟೊಂದು ಪ್ರಶ್ನೆ ಕೇಳಿದ್ದು ನೋಡಿ ನಗು ಬಂತು. ಡಾಕ್ಟರಾಗಬೇಕಿತ್ತು ನೀನು. ನೋಡಿದೆ. ಆ ಜಾಗದಲ್ಲಿ ಕೂದಲಿಲ್ಲ. ಚಳಿಗಾಲದಲ್ಲಿ ಯಾರು ಬೆವರುತ್ತಾರೆ, ಅದು ಗೊತ್ತಾಗಲಿಲ್ಲ. ಸುಟ್ಟಿದ್ದು ನೋಯಲೇ ಇಲ್ಲ, ತಾನಾಗಿ ಒಣಗಿತು. ಬೆರಳೆರಡೂ ಈಗ ಜೋಮು ಅನ್ನುವುದಕ್ಕಿಂತ ಬಲ ಇಲ್ಲದ ಹಾಗಿವೆ. ಮೊನ್ನೆ ಸಾಂಬಾರಿನ ಸೌಟು ಜಾರಿ ಬಿತ್ತು. ಬೆನ್ನಿನಲ್ಲಿ ಏನೋ ಒಂದು ಇದೆ, ಕನ್ನಡಿಯಲ್ಲಿ ಸರಿಯಾಗಿ ಕಾಣಲಿಲ್ಲ.

ನೀನು ಹೇಳಿದ ಹಾಗೆ ನೀರಿನಲ್ಲಿ ಕೈ ಅದ್ದಿ ಕೂತಾಗ ಅಪ್ಪನ ನೆನಪಾಯಿತು. ರಾಗಿಗುಡ್ಡದ ಮನೆಯ ಹಿತ್ತಿಲಿನಲ್ಲಿ ಹಿತ್ತಾಳೆ ಬೋಗುಣಿಯಲ್ಲಿ ಅಪ್ಪ ಕಾಲಿಟ್ಟುಕೊಂಡು ಕೂರುತ್ತಿದ್ದರಲ್ಲ, ಅವ್ವ ಎಣ್ಣೆ ಹಚ್ಚುತ್ತಿದ್ದಳು. ಅಪ್ಪನಿಗೆ ಚಳಿಗೆ ಕಾಲು ಒಡೆಯುತ್ತದೆ ಅನ್ನುತ್ತಿದ್ದಳು. ಆಮೇಲೆ ಸಕ್ಕರೆ ಕಾಯಿಲೆಗೆ ಆ ಕಾಲೇ ಹೋಯಿತು. ನನಗೂ ಸಕ್ಕರೆ ಬಂದಿದೆಯೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಪರೀಕ್ಷೆ ಮಾಡಿಸಬೇಕು.

ಸಂಕ್ರಾಂತಿಗೆ ನೀನು ಬಾ. ಎಷ್ಟು ವರ್ಷವಾಯಿತು ನೀನು ಈ ಮನೆಗೆ ಬಂದು! ಬಸ್ಸಿಗೆ ಹತ್ತಿದರೆ ಮುಕ್ಕಾಲು ಗಂಟೆ.

ವಿಮಲಾ


ಜನ್ನಾಪುರ
11 ಜನವರಿ 2024

ವಿಮಲಾ,

ಎಳ್ಳು ಬೆಲ್ಲ ಕಳಿಸಿದ್ದೇನೆ. ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಇನ್ನೊಂದು ಸಲ ನೋಡೋಣ. ಎಣ್ಣೆ ಖಾಲಿಯಾಗಿರುತ್ತದೆ ಎಂದು ಮತ್ತೊಂದು ಬಾಟಲಿ ಇಟ್ಟಿದ್ದೇನೆ.

ಅಪ್ಪನ ವಿಷಯ ಈಗ ಯಾಕೆ?

ಅಕ್ಕ


ನವುಲೆ
20 ಜನವರಿ 2024

ಅಕ್ಕ,

ಸಕ್ಕರೆ ಇಲ್ಲ! ಖಾಲಿ ಹೊಟ್ಟೆಗೆ ಒಮ್ಮೆ, ಊಟ ಆದ ಮೇಲೆ ಒಮ್ಮೆ ರಕ್ತ ತೆಗೆದರು. ಎರಡೂ ಸರಿ ಇದೆ. ತಲೆ ಮೇಲಿನ ಭಾರ ಇಳಿದ ಹಾಗಾಯಿತು. ಕೈ ತೋರಿಸಿದ್ದಕ್ಕೆ ಮೆಡಿಕಲ್ ಶಾಪಿನವನು ಒಂದು ಟ್ಯೂಬು ಕೊಟ್ಟ. "ಡ್ರೈ ಸ್ಕಿನ್ ಅಷ್ಟೇ ಅಮ್ಮ, ಚಳಿ ಹೋದ್ರೆ ಹೋಗುತ್ತೆ" ಅಂದ.

ಆದರೂ ಒಂದು ಸಲ ಚರ್ಮದ ಡಾಕ್ಟರಿಗೆ ತೋರಿಸಲೇ? ನೀನು ಏನು ಹೇಳುತ್ತೀಯ? ಒಂದು ದಿನ ರಜೆ ಕೇಳಬೇಕು. ಹಾಸ್ಟೆಲಿನವರು ಮುಖ ಗಂಟಿಕ್ಕುತ್ತಾರೆ.

ಆಗುವುದಿಲ್ಲ ಎಂದು ನೀನು ಬರೆದಿದ್ದರೂ, ಸಂಕ್ರಾಂತಿಯ ದಿನ ಮಧ್ಯಾಹ್ನದವರೆಗೂ ಬಂದೇ ಬರುತ್ತೀಯ ಅಂದುಕೊಂಡು ಅನ್ನಕ್ಕೆ ಒಂದು ಪಾವು ಜಾಸ್ತಿ ಇಟ್ಟಿದ್ದೆ.

ವಿಮಲಾ


ಜನ್ನಾಪುರ
23 ಜನವರಿ 2024

ವಿಮಲಾ,

ಸಕ್ಕರೆ ಇಲ್ಲ ಅಂದ ಮೇಲೆ ಇನ್ನೇನು ಭಯ? ಅವನು ಹೇಳಿದ್ದೇ ಸರಿ. ಚರ್ಮದ ಡಾಕ್ಟರೂ ಇನ್ನೊಂದು ಟ್ಯೂಬು ಬರೆದುಕೊಡುತ್ತಾರೆ, ಅಷ್ಟೇ. ಶಿವರಾತ್ರಿ ಕಳೆಯಲಿ, ಬಿಸಿಲು ಬಂದರೆ ಎಲ್ಲ ಸರಿಹೋಗುತ್ತದೆ. ಎಣ್ಣೆ ಬಿಡಬೇಡ.

ಅಕ್ಕ


ನವುಲೆ
14 ಏಪ್ರಿಲ್ 2024

ಅಕ್ಕ,

ಶಿವರಾತ್ರಿ ಹೋಯಿತು, ಯುಗಾದಿಯೂ ಹೋಯಿತು. ನಿನ್ನಿಂದ ಒಂದು ಕಾಗದವಿಲ್ಲ. ನಾನು ಎರಡು ಬರೆದೆ. ಷಣ್ಮುಖಪ್ಪನವರನ್ನು ಕೇಳಿದರೆ, "ಚೆನ್ನಾಗಿದ್ದಾರಲ್ರೀ, ನಿನ್ನೆ ಕೂಡ ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ರು" ಅಂದರು. ಸಂಕ್ರಾಂತಿಗೆ ಬರಲಿಲ್ಲ ಎಂದು ನಾನು ಬರೆದದ್ದು ನಿನಗೆ ಬೇಸರವಾಯಿತೇ? ದೂರಬೇಕೆಂದು ಬರೆದದ್ದಲ್ಲ.

ಇಲ್ಲಿ ಬಿಸಿಲು ಕಾಯುತ್ತಿದೆ. ಒಲೆಯ ಮುಂದೆ ಕೂತರೆ ಮೈಯೆಲ್ಲ ನೀರು. ಆದರೆ ಆ ಜಾಗ ಮಾತ್ರ ಬೆವರುವುದಿಲ್ಲ, ಸುತ್ತಲೂ ಒದ್ದೆ, ನಡುವೆ ಅದು ಒಣಗಿಕೊಂಡೇ ಇದೆ. ನೀನು ಕೇಳಿದ್ದೆಯಲ್ಲ, ಅದಕ್ಕೆ ಬರೆದೆ. ಬೆರಳೆರಡೂ ಈಗ ಒಳಗೆ ಮಡಿಚಿಕೊಳ್ಳುತ್ತವೆ. ಬಿಡಿಸಿದರೆ ಬಿಡಿಸಿಕೊಳ್ಳುತ್ತವೆ, ಬಿಟ್ಟರೆ ಮತ್ತೆ ಮಡಿಚಿಕೊಳ್ಳುತ್ತವೆ. ಚಪಾತಿ ಉಂಡೆ ಎಡಗೈಯಲ್ಲಿ ಮಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಇದು ಚಳಿಯದ್ದಲ್ಲ ಅನ್ನಿಸುತ್ತದೆ ಅಕ್ಕ.

ವಿಮಲಾ


ಜನ್ನಾಪುರ
19 ಏಪ್ರಿಲ್ 2024

ವಿಮಲಾ,

ನನಗೆ ಯಾವ ಬೇಸರವೂ ಇಲ್ಲ. ಸೆಕೆ, ಕೂತು ಬರೆಯಲು ಆಗಲಿಲ್ಲ. ವಯಸ್ಸಾದರೆ ನರ ಸೋಲುತ್ತದೆ. ಹುಷಾರಾಗಿರು.

ಅಕ್ಕ


ನವುಲೆ
29 ಜೂನ್ 2024

ಅಕ್ಕ,

ಕೂತುಕೊಂಡು ಓದು.

ಈ ತಿಂಗಳ ಏಳರಂದು ನಮ್ಮ ಬೀದಿಗೆ ಆರೋಗ್ಯ ಇಲಾಖೆಯ ಒಬ್ಬಳು ಹುಡುಗಿ ಬಂದಿದ್ದಳು. ಶೀಲಾ ಅಂತ ಹೆಸರು. ಮನೆ ಮನೆಗೆ ಹೋಗಿ ಮೈಮೇಲೆ ಕಲೆ ಇದೆಯೇ ಎಂದು ಕೇಳುತ್ತಿದ್ದಳು. ಇಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ, ಆದರೆ ಅವಳಿಗೆ ನೀರು ಕೊಡುವಾಗ ಲೋಟ ಹಿಡಿದ ನನ್ನ ಬೆರಳು ನೋಡಿದಳು. ಒಳಗೆ ಬರಲೇ ಎಂದಳು. ಜಗಲಿಯಲ್ಲಿ ಕೂರಿಸಿಕೊಂಡು, "ಅಮ್ಮ, ಕಣ್ಣು ಮುಚ್ಕೊಳ್ಳಿ. ನಾನು ಪೆನ್ನಿನ ತುದಿಯಿಂದ ಎಲ್ಲಿ ಮುಟ್ತೀನೋ ಅಲ್ಲಿ ಬೆರಳಿಟ್ಟು ತೋರ್ಸಿ" ಅಂದಳು. ಕಣ್ಣು ಮುಚ್ಚಿಕೊಂಡು ಕೂತೆ. ಎಷ್ಟು ಹೊತ್ತಾದರೂ ಮುಟ್ಟಲಿಲ್ಲ.

"ಮುಟ್ಟಮ್ಮ" ಅಂದೆ.

"ಆಗ್ಲೇ ನಾಲ್ಕು ಸಲ ಮುಟ್ಟಿದೆ ಅಮ್ಮ" ಅಂದಳು.

ಮರುದಿನ ಅವಳೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಮೊಣಕೈ ಹಿಂದಿನ ನರವನ್ನು ಒತ್ತಿ ನೋಡಿದರು. ಹಗ್ಗದ ಹಾಗೆ ದಪ್ಪವಾಗಿದೆಯಂತೆ. ಬೆನ್ನಿನಲ್ಲಿ ಐದು ಕಲೆ ಇವೆಯಂತೆ. ಕಿವಿಯ ತುದಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಕ್ಕ, ನನಗೆ ಬಂದಿರುವುದು ಕುಷ್ಠ. ಅವ್ವನ ಕಾಲದವರು ದೊಡ್ಡ ರೋಗ ಅನ್ನುತ್ತಿದ್ದರಲ್ಲ, ಅದೇ.

ಹನ್ನೆರಡು ತಿಂಗಳು ಮಾತ್ರೆ. ದುಡ್ಡು ಕೇಳುವುದಿಲ್ಲ. ಮೊದಲ ಮಾತ್ರೆ ನುಂಗಿದ ಮೇಲೆ ಬೇರೆಯವರಿಗೆ ಹರಡುವ ಭಯ ಇಲ್ಲವಂತೆ. ಪೂರ್ತಿ ವಾಸಿಯಾಗುತ್ತದೆ ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಬೆರಳಿನ ವಿಷಯ ನಾನೇ ಕೇಳಿದೆ.

"ಬೆರಳಲ್ಲಿ ಬಲ ಕಮ್ಮಿ ಆಗಿ ಎಷ್ಟು ದಿನ ಆಯ್ತು?"

"ಡಿಸೆಂಬರ್ ಶುರುವಿಂದ."

ಅವರು ಕ್ಯಾಲೆಂಡರು ನೋಡಿದರು. "ಆರು ತಿಂಗಳೊಳಗೆ ಬಂದಿದ್ರೆ ನರ ಸುಧಾರಿಸೋ ಸಾಧ್ಯತೆ ಜಾಸ್ತಿ ಇತ್ತಮ್ಮ. ಈಗ್ಲೂ ಮಾತ್ರೆ ಕೊಡ್ತೀನಿ, ನೋಡೋಣ. ಮಾತು ಕೊಡಕ್ಕಾಗಲ್ಲ."

ಆಯಿತು ಅಂದೆ. ಅಲ್ಲಿಂದ ಹೊರಗೆ ಬಂದು ಕಾಫಿ ಕುಡಿದೆ. ಶೀಲಾ ನನ್ನ ಮುಖವನ್ನೇ ನೋಡುತ್ತಿದ್ದಳು, ಅಳುತ್ತೇನೆ ಅಂದುಕೊಂಡಿದ್ದಳೋ ಏನೋ. ನನಗೆ ಕಾಫಿಗೆ ಸಕ್ಕರೆ ಕಡಿಮೆಯಾಗಿದೆ ಅನ್ನಿಸಿತು. ಅಷ್ಟೇ.

ಹಾಸ್ಟೆಲಿನಲ್ಲಿ ನಾನೇ ಹೇಳಿದೆ, ಮುಚ್ಚಿಡಬಾರದು ಎಂದು. ಡಾಕ್ಟರ ಚೀಟಿಯನ್ನೂ ತೋರಿಸಿದೆ. ಅವರು ಓದಿ, "ಡಾಕ್ಟ್ರು ಹೇಳ್ತಾರೆ ಅಮ್ಮ, ಹುಡುಗೀರ ಅಪ್ಪ ಅಮ್ಮ ಕೇಳ್ತಾರಾ? ಸ್ವಲ್ಪ ದಿನ ರೆಸ್ಟ್ ತಗೊಳ್ಳಿ. ನಾವೇ ಫೋನ್ ಮಾಡ್ತೀವಿ" ಅಂದರು. ಮೂರು ವಾರವಾಯಿತು. ಫೋನು ಬಂದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಗುತ್ತದೆ, ಎದ್ದು ಸುಮ್ಮನೆ ಕೂರುತ್ತೇನೆ.

ತನುಜಾಗೆ ಅವತ್ತೇ ಹೇಳಿದೆ. ಮರುದಿನ ಬಚ್ಚಲಿನಲ್ಲಿ ಎರಡು ಸೋಪು ಇದ್ದವು.

ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲ ಅಂದೆ. ಇರಲಿಲ್ಲ ಅಲ್ಲವೇ?

ನಿನಗೆ ಹೆದರಿಕೆಯಾದರೆ ಈ ಕಾಗದವನ್ನು ಸುಟ್ಟು ಕೈ ತೊಳೆದುಕೋ. ನಾನು ತಪ್ಪು ತಿಳಿಯುವುದಿಲ್ಲ.

ವಿಮಲಾ


ಜನ್ನಾಪುರ
9 ಜುಲೈ 2024

ವಿಮಲಾ,

ಹತ್ತು ದಿನ ನಿನ್ನ ಕಾಗದವನ್ನು ರವಿಕೆಯೊಳಗೇ ಇಟ್ಟುಕೊಂಡಿದ್ದೆ. ಸುಡಲಿಲ್ಲ. ಈಗ ನಾನು ಬರೆಯುವುದನ್ನು ನೀನೂ ಕೂತುಕೊಂಡೇ ಓದು.

ಇತ್ತು. ಅಪ್ಪನಿಗೆ ಇತ್ತು.

1979ರಲ್ಲಿ ಗೊತ್ತಾಯಿತು. ನನಗೆ ಹತ್ತೊಂಬತ್ತು, ನಿನಗೆ ಆರು. ಅಪ್ಪ ರಾಗಿಗುಡ್ಡದ ಅಂಗಡಿಯಲ್ಲಿ ತಕ್ಕಡಿಯ ಬಟ್ಟು ಎತ್ತುವಾಗ ಬೀಳಿಸುತ್ತಿದ್ದರು. ಸೈಕಲ್ಲಿನಲ್ಲಿ ಆರೋಗ್ಯ ಇಲಾಖೆಯವರು ಒಬ್ಬರು ಬರುತ್ತಿದ್ದರು, ಖಾಕಿ ಚೀಲ ಹಾಕಿಕೊಂಡು. ಅವರನ್ನು ಅವ್ವ ಮುಂಬಾಗಿಲಿನಿಂದ ಕರೆಯುತ್ತಿರಲಿಲ್ಲ, ಹಿತ್ತಿಲಿನಿಂದ ಕರೆಯುತ್ತಿದ್ದಳು. ಅವರು ಅಪ್ಪನನ್ನು ಕೇಳುತ್ತಿದ್ದ ಪ್ರಶ್ನೆಗಳನ್ನೇ ನಾನು ನಿನಗೆ ನವೆಂಬರಿನಲ್ಲಿ ಬರೆದದ್ದು. ಬೆವರುತ್ತದೆಯೇ, ಕೂದಲಿದೆಯೇ, ಸುಟ್ಟರೆ ನೋಯುತ್ತದೆಯೇ. ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿಟ್ಟು ಎಣ್ಣೆ ಹಚ್ಚಲು ಹೇಳಿಕೊಟ್ಟವರೂ ಅವರೇ. ಅದು ಚಳಿಗೆ ಮಾಡುವ ಆರೈಕೆಯಲ್ಲ. ಅಪ್ಪ ಹನ್ನೆರಡು ತಿಂಗಳೂ ಮಾಡುತ್ತಿದ್ದರು. ಚಳಿಗಾಲದ್ದು ಮಾತ್ರ ನಿನಗೆ ನೆನಪಿದೆ, ಆಗ ನೀನು ಒಲೆಯ ಹತ್ತಿರ ಬಂದು ಕೂರುತ್ತಿದ್ದೆ.

ಕಾಲು ತೆಗೆದದ್ದೂ ಸಕ್ಕರೆಯಿಂದಲ್ಲ. ಮೊಳೆ ಚುಚ್ಚಿಕೊಂಡು ಎರಡು ದಿನ ನಡೆದಾಡಿದ್ದರು, ಗೊತ್ತೇ ಆಗಿರಲಿಲ್ಲ.

ಅವ್ವ ನನ್ನನ್ನು ದೇವರ ಗೂಡಿನ ಮುಂದೆ ನಿಲ್ಲಿಸಿ, "ಯಾರು ಕೇಳಿದ್ರೂ ಸಕ್ಕರೆ ಕಾಯಿಲೆ ಅನ್ನು ಮಾಂತಿ. ನಿಮ್ಮಿಬ್ರದ್ದೂ ಬಾಳು ಇದೆ. ಚಿಕ್ಕವಳಿಗೂ ಹೇಳ್ಬೇಡ, ಅವಳು ಬಾಯಿ ಬಿಡ್ತಾಳೆ" ಅಂದಳು. ಹೂಂ ಅಂದೆ. ಮರುವರ್ಷ ನನ್ನ ಮದುವೆಯಾಯಿತು. ನಿನ್ನ ಭಾವನಿಗೂ ಹೇಳಲಿಲ್ಲ. ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಬೆರಳು ಸುಟ್ಟದ್ದು ಗೊತ್ತಾಗಲಿಲ್ಲ ಎಂದು ನೀನು ಬರೆದ ದಿನವೇ ನನಗೆ ತಿಳಿಯಿತು. ಡಿಸೆಂಬರಿನ ಕಾಗದದಲ್ಲಿ ಪೂರ್ತಿ ತಿಳಿಯಿತು. ತಿಳಿದೂ ಎಣ್ಣೆ ಕಳಿಸಿದೆ. ಚರ್ಮದ ಡಾಕ್ಟರಿಗೆ ತೋರಿಸಲೇ ಎಂದು ನೀನು ಕೇಳಿದೆ, ಬೇಡ ಅಂದೆ. ಸಂಕ್ರಾಂತಿಗೆ ಬರದಿದ್ದದ್ದು ಮಂಡಿ ನೋವಿಗಲ್ಲ. ಬಂದಿದ್ದರೆ ನಿನ್ನ ಕೈ ನೋಡಬೇಕಾಗುತ್ತಿತ್ತು. ನೋಡಿದರೆ ಹೇಳಬೇಕಾಗುತ್ತಿತ್ತು.

ಯಾಕೆ ಹೇಳಲಿಲ್ಲ ಎಂದರೆ, ಬರೆಯಲು ಕೂತರೆ ದೊಡ್ಡ ಕಾರಣ ಯಾವುದೂ ಸಿಗುವುದಿಲ್ಲ. ವೀರೇಂದ್ರನ ಖಾನಾವಳಿ ಒಂದು. ಈ ಮನೆಯವರಿಗೆ ಆ ರೋಗ ಇತ್ತು ಅಂದರೆ ನಾನು ತಟ್ಟಿದ ರೊಟ್ಟಿ ಯಾರು ತಿನ್ನುತ್ತಾರೆ? ಇನ್ನೊಂದು, ನನ್ನ ಭಯ. ನಿನ್ನ ಒಂದೊಂದು ಕಾಗದ ಬಂದಾಗಲೂ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಪಿನ್ನಿನಿಂದ ನನ್ನ ಕೈಕಾಲು ಚುಚ್ಚಿಕೊಂಡು ನೋಡುತ್ತಿದ್ದೆ. ನೋವಾದರೆ ಸಮಾಧಾನ. ನೋವಾಯಿತಲ್ಲ ಎಂದು ಹೊರಗೆ ಬಂದು ಊಟ ಮಾಡುತ್ತಿದ್ದೆ. ನಿನಗೆ ನೋವಾಗುವುದಿಲ್ಲ ಎಂದು ಗೊತ್ತಿದ್ದೂ ಊಟ ಮಾಡುತ್ತಿದ್ದೆ.

ಆರು ತಿಂಗಳು ಎಂದು ಡಾಕ್ಟರು ಹೇಳಿದ್ದನ್ನು ಓದಿ ಬೆರಳು ಮಡಚಿ ಲೆಕ್ಕ ಹಾಕಿದೆ. ಆ ಆರು ತಿಂಗಳೂ ನನ್ನ ಹತ್ತಿರವೇ ಇದ್ದವು.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ಗೀಟು ಕಾಣುತ್ತದೆ.

ಮಹಾಂತಮ್ಮ


ಜನ್ನಾಪುರ
12 ಆಗಸ್ಟ್ 2024

ವಿಮಲಾ,

ಒಂದು ತಿಂಗಳಾಯಿತು. ಕಾಗದ ನಿನ್ನ ಕೈಗೇ ಕೊಟ್ಟೆ ಎಂದು ಷಣ್ಮುಖಪ್ಪನವರು ಹೇಳಿದರು. "ಏನಾದ್ರೂ ಅಂದ್ಲಾ?" ಎಂದು ಕೇಳಿದೆ. ಇಲ್ಲ ಎಂದು ಕೈ ಆಡಿಸಿದರು. ಮಾತ್ರೆ ತಪ್ಪಿಸಬೇಡ, ಅಷ್ಟೇ ಹೇಳಬೇಕಿತ್ತು. ಎಣ್ಣೆ ಕಳಿಸಲು ಕೈ ಬರುವುದಿಲ್ಲ.

ಮಹಾಂತಮ್ಮ


ನವುಲೆ
10 ನವೆಂಬರ್ 2024

ಅಕ್ಕ,

ನಿನ್ನ ಕಾಗದ ಬಂದ ದಿನ ಓದಿದೆ. ಮರುದಿನವೂ ಓದಿದೆ. ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿಲ್ಲ. ಅಳುವೂ ಬರಲಿಲ್ಲ. ಅಪ್ಪನ ಮೇಲೆ, ಅವ್ವನ ಮೇಲೆ ಏನಾದರೂ ಅನ್ನಿಸುತ್ತದೆಯೇ ಎಂದು ನೋಡಿಕೊಂಡೆ. ಅನ್ನಿಸಲಿಲ್ಲ. ಬರೆಯಲು ಏನೂ ಇರಲಿಲ್ಲ, ಅದಕ್ಕೆ ನಾಲ್ಕು ತಿಂಗಳು ಬರೆಯಲಿಲ್ಲ. ಈಗಲೂ ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೋ ಗೊತ್ತಿಲ್ಲ.

ಇಲ್ಲಿಯ ವಿಷಯ ಬರೆಯುತ್ತೇನೆ. ಆರನೆಯ ತಿಂಗಳ ಮಾತ್ರೆ ಶುರುವಾಗಿದೆ. ಮಾತ್ರೆಗೆ ಮುಖ ಕಪ್ಪಾಗಿದೆ, ಗುರುತಿನವರೇ ಎರಡು ಸಲ ನೋಡುತ್ತಾರೆ. ಮೈ ಚರ್ಮ ಮೀನಿನ ಪೊರೆಯ ಹಾಗೆ ಒಣಗಿ ಏಳುತ್ತದೆ. ಅದು ಮಾತ್ರೆಯಿಂದಲೇ, ನಿಂತ ಮೇಲೆ ಹೋಗುತ್ತದಂತೆ. ಈಗ ಚಳಿ ಬೇರೆ ಬಂತು. ಶೀಲಾ ಹೇಳಿಕೊಟ್ಟ ಹಾಗೆ ಬೆಳಿಗ್ಗೆ, ಸಂಜೆ ಅದ್ದಿಟ್ಟು, ದಪ್ಪಗಾದ ಚರ್ಮವನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ವ್ಯಾಸಲೀನ್ ಹಚ್ಚುತ್ತೇನೆ. ಬಿಸಿಯನ್ನು ಎಡಗೈಯಿಂದ ಮುಟ್ಟಿ ನೋಡಿದ ಮೇಲೇ ಬಲಗೈ ಹಾಕುತ್ತೇನೆ. ಕಿರುಬೆರಳು ಹಾಗೇ ಇದೆ. ಪಕ್ಕದ್ದು ಸ್ವಲ್ಪ ಏಳುತ್ತದೆ.

ತನುಜಾಗೂ ಪರೀಕ್ಷೆ ಮಾಡಿದರು, ಏನೂ ಇಲ್ಲ. ಅವಳೇ ಈಗ ನನ್ನ ಬೆನ್ನಿಗೆ ಹಚ್ಚಿಕೊಡುತ್ತಾಳೆ. ಕೈ ತೊಳೆದುಕೊಳ್ಳಲು ಮೊದಲು ಓಡುತ್ತಿದ್ದಳು. ಈಗ ನಿಧಾನವಾಗಿ ಹೋಗುತ್ತಾಳೆ.

ನಾನು ಮನೆಯಲ್ಲೇ ಹಪ್ಪಳ ಮಾಡುತ್ತಿದ್ದೆ. ಯಾರೂ ತೆಗೆದುಕೊಳ್ಳಲಿಲ್ಲ. ಈಗ ಒಂದು ನರ್ಸರಿಯಲ್ಲಿ ಸಸಿಗಳ ಚೀಲಕ್ಕೆ ಮಣ್ಣು ತುಂಬಲು ಹೋಗುತ್ತೇನೆ. ಕೈಗವಸು ಹಾಕಿಕೊಂಡು.

ಇನ್ನು ಮುಖ್ಯ ವಿಷಯ. ಮೊದಲು ಇಲ್ಲ ಅಂದಿದ್ದನ್ನು ತಿದ್ದಿ, ಅಪ್ಪನಿಗೆ ಇತ್ತು ಎಂದು ಡಾಕ್ಟರಿಗೆ ಹೇಳಿದೆ. ನನಗೆ ಅಪ್ಪನಿಂದಲೇ ಬಂತು ಎಂದು ಈಗ ಹೇಳಲಾಗುವುದಿಲ್ಲ, ಎಲ್ಲಿಂದ ಬೇಕಾದರೂ ಬಂದಿರಬಹುದು ಅಂದರು. ಆದರೂ ಆ ಮನೆಯಲ್ಲಿ ಇದ್ದವರನ್ನೆಲ್ಲ ಒಮ್ಮೆ ನೋಡಬೇಕಂತೆ. ಆ ಮನೆಯಲ್ಲಿ ಇದ್ದವರಲ್ಲಿ ಈಗ ಉಳಿದಿರುವವಳು ನೀನೊಬ್ಬಳೇ. ನಿನ್ನ ಹೆಸರು ಬರೆಸಿದ್ದೇನೆ. ನಿನ್ನನ್ನು ಕೇಳದೆ ಬರೆಸಿದೆ. ಭದ್ರಾವತಿಯ ಆರೋಗ್ಯ ಇಲಾಖೆಯವರು ಇಪ್ಪತ್ತರಂದು ಬುಧವಾರ ನಿನ್ನ ಮನೆಗೆ ಬರುತ್ತಾರೆ. ಕಿವಿ ಕೇಳುವುದಿಲ್ಲ ಎಂದು ಹೇಳಿದ್ದೇನೆ, ಪ್ರಶ್ನೆಗಳನ್ನು ಬರೆದು ತೋರಿಸುತ್ತಾರೆ. ಮುಂಬಾಗಿಲಿನಿಂದಲೇ ಬರುತ್ತಾರೆ. ಬೆನ್ನು ತೋರಿಸು. ಪಿನ್ನಿನಿಂದ ಬೆನ್ನು ಚುಚ್ಚಿಕೊಳ್ಳಲು ಆಗುವುದಿಲ್ಲ.

ವಿಮಲಾ


ಜನ್ನಾಪುರ
23 ನವೆಂಬರ್ 2024

ವಿಮಲಾ,

ಬಂದಿದ್ದರು. ಒಬ್ಬಳು ಹೆಂಗಸು, ಒಬ್ಬ ಗಂಡಸು. ಗಂಡಸು ಹೊರಗೇ ನಿಂತ, ಅವಳು ಒಳಗೆ ಬಂದಳು. ವೀರೇಂದ್ರನಿಗೂ ಸೊಸೆಗೂ ಹಿಂದಿನ ದಿನವೇ ಎಲ್ಲ ಹೇಳಿದ್ದೆ. ಸೊಸೆ ಅತ್ತಳು. ವೀರೇಂದ್ರ, "ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?" ಎಂದು ಒಂದೇ ಸಲ ಕೇಳಿ ಖಾನಾವಳಿಗೆ ಹೋದ. ಅವನ ತುಟಿ ನೋಡಿ ತಿಳಿದುಕೊಂಡೆ.

ಅವಳು ಚೀಟಿಯಲ್ಲಿ, "ನಿಮ್ಮ ಮನೆಯಲ್ಲಿ ಯಾರಿಗೆ ಇತ್ತು?" ಎಂದು ಬರೆದು ತೋರಿಸಿದಳು. ನಾನು ಬಾಯಲ್ಲೇ ಹೇಳಿದೆ. "ನಮ್ಮಪ್ಪ ವೀರಪ್ಪಂಗೆ ಇತ್ತು. ಕುಷ್ಠ. ಈಗ ನನ್ನ ತಂಗೀಗೆ ಬಂದಿದೆ. ನಂಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ." ಎಷ್ಟು ಜೋರಾಗಿ ಹೇಳಿದೆನೋ ನನಗೆ ಗೊತ್ತಾಗುವುದಿಲ್ಲವಲ್ಲ. ಸೊಸೆ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಅಷ್ಟರಲ್ಲಿ ಎದುರು ಮನೆಯ ಬಾಗಿಲಿನಲ್ಲಿ ಇಬ್ಬರು ಬಂದು ನಿಂತಿದ್ದರು. ಪಕ್ಕದಲ್ಲಿ ಷಣ್ಮುಖಪ್ಪನವರ ಹೆಂಡತಿ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ನಿಂತುಬಿಟ್ಟಿದ್ದಳು.

ನನ್ನ ಮೈಯಲ್ಲಿ ಏನೂ ಸಿಗಲಿಲ್ಲ. ಮುಂದೆಯೂ ಬರದಿರಲಿ ಎಂದು ಒಂದು ಮಾತ್ರೆ ಕೊಟ್ಟು ಎದುರಿಗೇ ನುಂಗಿಸಿದಳು. ಏನೂ ಇಲ್ಲ ಎಂದು ಅವಳು ಚೀಟಿಯಲ್ಲಿ ಬರೆದದ್ದನ್ನು ಓದಿದಾಗ ನನಗೆ ಸಂತೋಷವಾಗಬೇಕಿತ್ತು.

ನಿನ್ನೆ ಖಾನಾವಳಿಗೆ ಮಧ್ಯಾಹ್ನ ಒಂಬತ್ತು ಜನ ಬಂದಿದ್ದರು. ದಿನಾ ಮೂವತ್ತು ದಾಟುತ್ತಿತ್ತು. ವೀರೇಂದ್ರ ನಾನು ತಟ್ಟಿದ ರೊಟ್ಟಿಯಲ್ಲಿ ಎರಡನ್ನು ತಟ್ಟೆಗೆ ಹಾಕಿಕೊಂಡು ಮುಂದಿನ ಬೆಂಚಿನ ಮೇಲೆ, ಬೀದಿಗೆ ಕಾಣುವ ಹಾಗೆ, ಕೂತು ತಿಂದ. ಇವತ್ತು ಹನ್ನೊಂದು ಜನ.

ಷಣ್ಮುಖಪ್ಪನವರು ಗುರುವಾರದಿಂದ ಚೀಲ ಕೇಳಲು ಬಂದಿಲ್ಲ. ಅವರನ್ನು ದೂರುವುದಿಲ್ಲ. ಇದನ್ನು ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ. ಮೂರು ದಿನವೋ ನಾಲ್ಕು ದಿನವೋ ಆಗುತ್ತದಂತೆ.

ನಾಳೆ ಭಾನುವಾರ. ತನುಜಾಗೂ ರಜೆ ಇರಬಹುದು. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ನಾನು ಹೊರಡುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು. ತೆಗೆಯದಿದ್ದರೆ ಸ್ವಲ್ಪ ಹೊತ್ತು ಕೂತಿದ್ದು ಬರುತ್ತೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಏನಾಯಿತೆಂದು ನಮ್ಮಿಬ್ಬರಿಗೂ ಗೊತ್ತಿರುತ್ತದೆ.

ಅಕ್ಕ